ಅರಗಿನ ಹಿಡಿ

ಬಚ್ಚಲಿನ ಗೋಡೆಗೆ ಅಂಥ ಗಟ್ಟಿ ಟೈಲ್ಸ್ ಬೇಡ ಎಂದು ಮೇಸ್ತ್ರಿ ಬಡಕೊಂಡಿದ್ದ. ಕೇಳಬೇಕಲ್ಲ ನಮ್ಮ ಅನಂತರಾಜು! ಎರಡು ವರ್ಷದ ಹಿಂದೆ ಹಂಡೆ ಒಲೆ ಕಿತ್ತುಹಾಕಿ ಹೊಸ ಬಚ್ಚಲು ಕಟ್ಟಿಸುವಾಗ, ಚನ್ನಪಟ್ಟಣದ ಹೈವೇ ಪಕ್ಕದ ಅಂಗಡಿಗೆ ಹೋಗಿ, ನೆಲಕ್ಕೆ ಹಾಸುವ ವಿಟ್ರಿಫೈಡ್ ಟೈಲ್ಸನ್ನೇ ಗೋಡೆಗೂ ಬೇಕೆಂದು ಹಟ ಹಿಡಿದು ತಂದ. ಮೇಲೆ ಲಾರಿ ಹತ್ತಿಸಿದರೂ ಒಡೆಯುವುದಿಲ್ಲವೆಂದು ಅಂಗಡಿಯವನು ಹೇಳಿದ್ದನಂತೆ. ಬಚ್ಚಲಿನ ಗೋಡೆಯ ಮೇಲೆ ಲಾರಿ ಹತ್ತಿಸುವವರು ಯಾರಪ್ಪ ಎಂದು ಇವನು ಕೇಳಲಿಲ್ಲ.

"ಗೋಡೆ ಟೈಲ್ಸು ಬ್ಯಾರೆ ಬತ್ತದೆ ಕಣಣ್ಣ, ಮೆತ್ತಗಿರ್ತದೆ. ನಾಳೆ ಒಂದು ಸ್ಕ್ರೂ ಹಾಕ್ಬೇಕು ಅಂದ್ರೆ ಇದ್ರಲ್ಲಿ ತೂತು ಬೀಳಕ್ಕಿಲ್ಲ" ಎಂದ ಮೇಸ್ತ್ರಿ.

"ಬಚ್ಚಲಲ್ಲಿ ಸ್ಕ್ರೂ ಯಾಕ್ಲಾ ಹಾಕ್ಲಿ, ಕ್ಯಾಲೆಂಡರ್ ನೇತಾಕಕ್ಕಾ?" ಎಂದು ಅನಂತರಾಜು ಅವನ ಬಾಯಿ ಮುಚ್ಚಿಸಿದ.

ಒಂದೂವರೆ ವರ್ಷ ಆ ಮಾತು ಯಾರಿಗೂ ನೆನಪಾಗಲಿಲ್ಲ. ಆಮೇಲೆ ಅವನ ತಾಯಿ ಕೆಂಚಮ್ಮನ ಮಂಡಿ ಹಿಡಿದುಕೊಂಡಿತು. ಸ್ನಾನದ ಸ್ಟೂಲಿನಿಂದ ಏಳುವಾಗಲೆಲ್ಲ ಮುದುಕಿ ಗೋಡೆ ತಡವುತ್ತಿದ್ದಳು. ನುಣ್ಣನೆಯ ಗೋಡೆ, ಹಿಡಿಯುವುದಕ್ಕೆ ಏನಿದೆ ಅಲ್ಲಿ? "ಲೇ ಅನಂತ, ಊರಿಗೆಲ್ಲ ಗೊಂಬೆ ಮಾಡ್ಕೊಡ್ತೀಯ. ಹೆತ್ತವ್ವಂಗೆ ಒಂದು ಹಿಡಿ ಮಾಡಾಕಕ್ಕಾಗಕ್ಕಿಲ್ವೇನ್ಲಾ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

ಅನಂತರಾಜು ಸಮದ್ ಸಾಹೇಬರ ಗೊಂಬೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಮರ ತಿರುವುವ ಲೇತ್ ಮುಂದೆ ಕೂತವನು. ತಾಯಿ ಅಂದ ಮಾತು ಚುಚ್ಚಿತು. ಎರಡೇ ದಿನದಲ್ಲಿ ಮೊಳದುದ್ದದ ಹಿಡಿ ತಿರುವಿ, ಕೆಂಪು ಹಳದಿ ಪಟ್ಟೆ ಎಳೆದು, ಎರಡು ತುದಿಗೂ ತಾವರೆಯಂಥ ಬಿಲ್ಲೆ ಕೂರಿಸಿ ಮನೆಗೆ ತಂದ. ನೋಡಿದವರು ಇದನ್ನು ಬಚ್ಚಲಲ್ಲಿ ಇಡುತ್ತೀಯೇನೋ, ದೇವರ ಮನೆಗೆ ಹಾಕು ಎಂದರು. ಅಷ್ಟು ಚೆಂದ. ಇನ್ನು ಗೋಡೆಗೆ ಹಾಕುವುದೊಂದೇ ಬಾಕಿ.

ಬಾಡಿಗೆಗೆ ಡ್ರಿಲ್ ತಂದ. ಅದರ ತುದಿಯ ಕೊರೆಯುವ ಬಿಟ್ಟನ್ನು ಟೈಲ್ಸಿಗೆ ಇಟ್ಟು ಅಮುಕಿದ. ಅದು ಜಾರಿತು. ಇನ್ನೂ ಜೋರಾಗಿ ಅಮುಕಿದ. ಆ ಕೈಯಾದರೂ ಏನು ಮಾಡೀತು ಹೇಳಿ! ಲೇತಿನಲ್ಲಿ ಮರ ಗಿರ್ರನೆ ತಿರುಗುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಬೇಕು. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ. ಬಿಸಿ ಬಂತೆಂದರೆ ಕೆಲಸ ಆಗುತ್ತಿದೆ ಎಂದೇ ಅವನು ಕಲಿತದ್ದು. ಟೈಲ್ಸಿನಲ್ಲಿ ಬಿಸಿ ಬಂತೆಂದರೆ ಬಿಟ್ ಸತ್ತಿತು ಎಂದರ್ಥ, ಅದು ಅವನಿಗೆ ಗೊತ್ತಿರಲಿಲ್ಲ. ಮೂರು ಬಿಟ್ ಸುಟ್ಟು ಕರಕಲಾದವು. ಗೋಡೆಯಲ್ಲಿ ಆದದ್ದು ಉಗುರಿನ ದಪ್ಪದ ನಾಲ್ಕು ಗುಳಿ ಮಾತ್ರ.

ಅಡುಗೆಮನೆಯಿಂದ ಹೆಂಡತಿ ರಾಧಾಮಣಿ "ಆಯ್ತಾ?" ಎಂದು ಕೂಗಿದಳು.

"ಆಯ್ತು, ಆಯ್ತು" ಎಂದ.

ಅಲ್ಲೇ ಅವನು ಕೆಟ್ಟದ್ದು. ಯಾರನ್ನಾದರೂ ಕರೆದು ಕೇಳಿದ್ದರೆ ಹತ್ತು ನಿಮಿಷದ ಕೆಲಸ. ಇಪ್ಪತ್ತಾರು ವರ್ಷದ ಕೆಲಸಗಾರನಿಗೆ ಒಂದು ತೂತು ಕೊರೆಯಲಾಗಲಿಲ್ಲವಂತೆ ಎಂದು ನಾಲ್ಕು ಜನ ನಗುತ್ತಾರೆಂಬ ಭಯ. ಹೋಗಿ ಕಾರ್ಖಾನೆಯಿಂದ ಅರಗು ತಂದ. ಅಲ್ಲಿ ಮುರಿದದ್ದನ್ನೆಲ್ಲ ಅರಗಿನಲ್ಲೇ ಕಚ್ಚಿಸುವುದು ರೂಢಿ. ಅರಗು ಕಾಯಿಸಿ ಗುಳಿಗೆ ತುಂಬಿ, ಬಿಲ್ಲೆಗಳ ಹಿಂದೆಯೂ ಬಳಿದು, ಹಿಡಿಯನ್ನು ಗೋಡೆಗೆ ಒತ್ತಿ ಹಿಡಿದ. ಸ್ಕ್ರೂಗಳ ತಲೆ ಮಾತ್ರ ಉಳಿಸಿ ಮೈ ಕತ್ತರಿಸಿ, ಅವನ್ನೂ ಬಿಲ್ಲೆಯ ತೂತಿನಲ್ಲಿ ಅರಗಿನಿಂದಲೇ ಕೂರಿಸಿದ. ನೋಡಿದವರಿಗೆ ಅಸಲಿ. ಆರಿದ ಮೇಲೆ ಎಳೆದು ನೋಡಿದ, ಅಲುಗಲಿಲ್ಲ. ನಾಳೆ ಒಳ್ಳೆಯ ಬಿಟ್ ತಂದು ಸರಿಮಾಡಿದರಾಯ್ತು ಎಂದುಕೊಂಡ.

ಆ ನಾಳೆ ಬರಲೇ ಇಲ್ಲ, ನಾಲ್ಕು ತಿಂಗಳಾಯಿತು. ಕೆಂಚಮ್ಮನದು ದಿನಾ ಉಗುರುಬೆಚ್ಚಗಿನ ನೀರಿನ ಸ್ನಾನ, ನಾಲ್ಕು ಚೊಂಬು ಹುಯ್ದುಕೊಂಡರೆ ಮುಗಿಯಿತು. ಅಷ್ಟಕ್ಕೆ ಅರಗು ಜಗ್ಗಲಿಲ್ಲ. ಮಗ ಮಾಡಿಕೊಟ್ಟ ಹಿಡಿಯನ್ನು ಮುದುಕಿ ಬಂದವರಿಗೆಲ್ಲ ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದಳು.

ಯುಗಾದಿ ಬಂತು. ಹಬ್ಬಕ್ಕೆ ಎಣ್ಣೆನೀರು ಹಾಕಿಕೊಳ್ಳದೆ ಇದ್ದಾರೆಯೇ? ರಾಧಾಮಣಿ ಅತ್ತೆಯ ನೆತ್ತಿಗೆ ಹರಳೆಣ್ಣೆ ತಟ್ಟಿ, ಗೀಜರಿನ ನೀರು ಸಾಲದೆಂದು ಎರಡು ಪಾತ್ರೆ ಕುದಿಸಿ ತಂದಿಟ್ಟಳು. ನೆಲಕ್ಕೆ ಸೀಗೆಪುಡಿ ಉದುರಿಸಿ ಉಜ್ಜಿ, ಬಾಗಿಲು ಎಳೆದುಕೊಂಡು ಹೋದಳು. ಒಳಗೆ ಹಬೆ ತುಂಬಿ ಚಾಚಿದ ಕೈ ಕಾಣುತ್ತಿರಲಿಲ್ಲ. ಹಿಡಿಯ ಮೇಲೂ ಬಿಸಿನೀರು ಬಿತ್ತು. ಕೊನೆಗೆ ಮುದುಕಿ ಏಳಲೆಂದು ಹಿಡಿಗೆ ಭಾರ ಬಿಟ್ಟಳು. ಅದು ಅವಳ ಕೈಯಲ್ಲೇ ಕಳಚಿಕೊಂಡು ಬಂತು.

ಸದ್ದು ಕೇಳಿ ಮೊದಲು ಓಡಿದವನು ಅನಂತರಾಜು. ತಾಯಿ ಒಂದು ಮಗ್ಗುಲಾಗಿ ಬಿದ್ದಿದ್ದಳು, ಪಕ್ಕದಲ್ಲಿ ಹಿಡಿ. ಆಗ ಅವನು ಮಾಡಿದ್ದನ್ನು ಹೇಳುವುದಕ್ಕೆ ನನಗೇ ನಾಚಿಕೆ. ಹಿಡಿ ಎತ್ತಿಕೊಂಡ. ಅರಗು ಇನ್ನೂ ಮೆತ್ತಗಿತ್ತು. ಗೋಡೆಗೆ ಒತ್ತಿದ, ನಾಯಿಮರಿಯ ಹಾಗೆ ಹೋಗಿ ಅಂಟಿಕೊಂಡಿತು. ಅದಾದ ಮೇಲೆ "ಅವ್ವಾ!" ಎಂದು ತಾಯಿಯನ್ನು ಹಿಡಿದೆತ್ತಿದ. ಮಧ್ಯೆ ನಾಲ್ಕು ಉಸಿರಿನಷ್ಟು ಹೊತ್ತು ಹೋಗಿರಬಹುದು. ತಾಯಿ ಕಣ್ಣು ಮುಚ್ಚಿದ್ದಳು. ಮುಚ್ಚಿದ್ದಳು ಎಂದೇ ಅವನು ಆಮೇಲೆ ದಿನಾ ತನಗೆ ತಾನೇ ಹೇಳಿಕೊಂಡ.

ರಾಧಾಮಣಿ ಓಡಿಬಂದು "ಏನಾಯ್ತು ಅತ್ತೆ?" ಎಂದಾಗ ಮುದುಕಿ ನರಳುತ್ತ ಅಂದದ್ದು ಎರಡೇ ಮಾತು: "ಎಣ್ಣೆ... ಜಾರ್ತು."

ಸೊಂಟದ ಮೂಳೆ ಮುರಿದಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ಹಬ್ಬದ ಮಾರನೆಯ ದಿನ ಹೊಸತೊಡಕು. ಮನೆಯಲ್ಲಿ ಬಾಡೂಟ ಮಾಡಬೇಕಾದ ದಿನ ಎಲ್ಲರೂ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದರು. ಕನಕಪುರದಿಂದ ಬಂದ ಅಕ್ಕ ಗಂಗಲಕ್ಷ್ಮಮ್ಮ ಎಲ್ಲರೆದುರಿಗೇ ರಾಧಾಮಣಿಯನ್ನು ತರಾಟೆಗೆ ತೆಗೆದುಕೊಂಡಳು. "ಎಣ್ಣೆ ತಟ್ಟಿದೋಳ್ಗೆ ಒಸಿ ನೆಲ ಉಜ್ಜಬೇಕು ಅಂತ ಗ್ಯಾನ ಬ್ಯಾಡ್ವಾ? ಪಾಪ ಇವ್ನು ಎಷ್ಟು ಚೆಂದಾಗಿ ಹಿಡಿ ಮಾಡಾಕವ್ನೆ. ಇವ್ನು ಕಟ್ಟಿದ್ದ ನೀನು ಕೆಡವ್ದಲ್ಲೇ!"

"ಉಜ್ಜಿದ್ದೆ ಅಕ್ಕ" ಎಂದಳು ರಾಧಾಮಣಿ.

"ಉಜ್ಜಿದ್ರೆ ನಮ್ಮವ್ವ ಯಾಕೆ ಜಾರ್ತಿದ್ಲು?"

ಅತ್ತೆ ಒಡೆದರೆ ಅದು ಹಳೇ ಗಡಿಗೆ, ಸೊಸೆ ಒಡೆದರೆ ಹೊಸಾ ಗಡಿಗೆ ಅನ್ನುವುದು ಸುಳ್ಳಲ್ಲ. ಇಲ್ಲಿ ಒಡೆದವನು ಮಗ. ಅವನು ಅಲ್ಲೇ ಕುರ್ಚಿಯಲ್ಲಿ ಕೂತು ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದ. ಈಗ ಬೇಡ, ಅವ್ವ ಹುಷಾರಾಗಲಿ ಎಂದುಕೊಂಡ. ಅದೂ ಇನ್ನೊಂದು ನಾಳೆ.

ಅಂದಿನಿಂದ ರಾಧಾಮಣಿ ದಿನಾ ಬೆಳಿಗ್ಗೆ ಮೊಣಕಾಲೂರಿ ಬಚ್ಚಲು ಉಜ್ಜತೊಡಗಿದಳು. ಸೋಪಿನ ಪುಡಿ, ಬ್ಲೀಚಿಂಗ್ ಪುಡಿ, ಸಿಕ್ಕಿದ್ದೆಲ್ಲ ಹಾಕಿ ಉಜ್ಜಿದಳು. ಬೆರಳ ತುದಿಗಳು ಬಿರಿದು ಬೆಳ್ಳಗಾದವು. ಮುದ್ದೆ ಕಟ್ಟುವಾಗ ಉರಿದು ಸ್ ಸ್ ಅನ್ನುತ್ತಿದ್ದಳು. ಅನಂತರಾಜು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಅವಳು ಎಲ್ಲಿ ಆ ಹಿಡಿಗೆ ಕೈ ಕೊಟ್ಟು ಏಳುತ್ತಾಳೋ ಎಂಬ ಭಯ ಬೇರೆ. "ಅದ್ನ ಮುಟ್ಬ್ಯಾಡ" ಎಂದ ಒಂದು ದಿನ. ಯಾಕೆ ಎಂದು ಕೇಳಿದ್ದಕ್ಕೆ "ಬಣ್ಣ ಹೋಯ್ತದೆ" ಎಂದ.

ಹನ್ನೊಂದನೆಯ ದಿನ ಡಾಕ್ಟರು ಹೇಳಿದರು, ನಾಳೆ ಮನೆಗೆ ಕರೆದುಕೊಂಡು ಹೋಗಿ, ಬಚ್ಚಲಿಗೆ ಗಟ್ಟಿಯಾದ ಸ್ಟೀಲ್ ಕಂಬಿ ಹಾಕಿಸಿ, ಇನ್ನೊಂದು ಸಲ ಬಿದ್ದರೆ ಏಳುವುದಿಲ್ಲ. ಆ ಹಿಡಿ ಈಗಲೂ ಗೋಡೆಯ ಮೇಲೆ ನಗುತ್ತ ಕೂತಿದೆ!

ಸಮದ್ ಸಾಹೇಬರ ತಮ್ಮ ಆಫ್ತಾಬ್ ರಾಮನಗರದಲ್ಲಿ ಬಾತ್‌ರೂಮ್ ಫಿಟ್ಟಿಂಗ್ ಮಾಡುವವನು. ಸಂಜೆ ಕಾರ್ಖಾನೆಗೆ ಬಂದಿದ್ದವನನ್ನು ಅನಂತರಾಜು ಮೂಲೆಗೆ ಕರೆದು, ಕಂಬಿ ಹಾಕಲು ಟೈಲ್ಸಿಗೆ ತೂತು ಕೊರೆಯುವುದು ಹೇಗೆಂದು ಕೇಳಿದ.

"ವಿಟ್ರಿಫೈಡಾ? ಹಂಗಾದ್ರೆ ಸಾದಾ ಬಿಟ್ಟು ನಡಿಯಕ್ಕಿಲ್ಲ ಅಣ್ಣ, ಡೈಮಂಡ್ ಬಿಟ್ಟೇ ಬೇಕು" ಎಂದ ಆಫ್ತಾಬ್. "ಮಿಷಿನ್ನಿನ ಹ್ಯಾಮರ್ ಆಫ್ ಮಾಡ್ಕಳಿ, ಕುಟ್ಟುದ್ರೆ ಟೈಲ್ಸ್ ಒಡೀತದೆ. ಗುರುತಿನ ಮೇಲೆ ಟೇಪ್ ಅಂಟ್ಸಿ, ಇಲ್ದಿದ್ರೆ ಜಾರ್ತದೆ. ಮೊದ್ಲು ಒಸಿ ಓರೆಯಾಗಿ ಹಿಡ್ದು ಕಚ್ಚಿಸ್ಕಂಡು, ಆಮೇಲೆ ನೆಟ್ಟಗೆ. ನಿಧಾನಕ್ಕೆ. ಬಿಟ್ಟಿನ ತುದೀಗೆ ನೀರು ಬೀಳ್ತಾನೇ ಇರ್ಬೇಕು, ಮಿಷಿನ್ ಮೇಲೆ ಬೀಳ್ಬಾರ್ದು. ಒಬ್ರು ಕೊರೀಬೇಕು, ಇನ್ನೊಬ್ರು ನೀರು ಹುಯ್ಬೇಕು. ಇಂಪಾರ್ಟೆಂಟ್ ಏನಪ್ಪ ಅಂದ್ರೆ, ಅಮುಕ್ಬ್ಯಾಡಿ. ನಿಮ್ ಕೈ ನಂಗೊತ್ತಿಲ್ವಾ ಅಣ್ಣ, ಅರಗು ಒತ್ತೋ ಕೈ! ಬುಡಿ, ಬೆಳಿಗ್ಗೆ ನಾನೇ ಬಂದು ಹಾಕ್ಕೊಟ್ಟು ಹೋಯ್ತೀನಿ."

"ಬ್ಯಾಡ, ಬ್ಯಾಡ!" ಎಂದ ಅನಂತರಾಜು. ಎಷ್ಟು ಜೋರಾಗಿ ಅಂದನೆಂದರೆ ಆಚೆ ಲೇತಿನವರು ತಿರುಗಿ ನೋಡಿದರು. ಆಫ್ತಾಬ್ ಬಂದರೆ ಹಳೆಯ ಹಿಡಿ ಬಿಚ್ಚುತ್ತಾನೆ, ಬಿಚ್ಚಿದರೆ ಅರಗು ನೋಡುತ್ತಾನೆ. ಆಫ್ತಾಬ್ ಇನ್ನೇನೂ ಕೇಳದೆ ಡ್ರಿಲ್ಲನ್ನೂ ಎರಡು ಬಿಟ್ಟನ್ನೂ ಕೈಗಿಟ್ಟ. ಮನೆಗೆ ಬರುವ ದಾರಿಯಲ್ಲಿ ಅನಂತರಾಜು ಸ್ಟೀಲ್ ಕಂಬಿ, ಪ್ಲಗ್, ಸ್ಕ್ರೂ ಕೊಂಡುಕೊಂಡ.

ಮಾರನೆಯ ದಿನ ಶನಿವಾರ. ಅತ್ತೆ ಮನೆಗೆ ಬರುವ ಮುಂಚೆ ಹರಕೆ ತೀರಿಸಿ ಬರುತ್ತೇನೆಂದು ರಾಧಾಮಣಿ ಕೆಂಗಲ್ ಆಂಜನೇಯನ ಗುಡಿಗೆ ಹೊರಟಳು. ತಾಯಿಯನ್ನು ಅಕ್ಕ ಮಧ್ಯಾಹ್ನ ಕಾರಿನಲ್ಲಿ ಕರೆತರುವವಳಿದ್ದಳು. ನಡುವೆ ಸಿಕ್ಕಿದ್ದು ಮೂರು ಗಂಟೆ.

ಹಿಡಿ ಎಳೆದ. ಬರಲಿಲ್ಲ. ಎರಡು ಕೈಯಲ್ಲೂ ಜೋತುಬಿದ್ದು ಎಳೆದ. ಹಾಳಾದ್ದು ತಣ್ಣಗಿರುವಾಗ ಆನೆ ಕಟ್ಟಬಹುದು! ಕೊನೆಗೆ ಗೀಜರ್ ಹಾಕಿ, ಕಾದ ನೀರನ್ನು ಚೊಂಬಿನಲ್ಲಿ ಹುಯ್ದ. ಎರಡನೆಯ ಚೊಂಬಿಗೆ ಬಿಲ್ಲೆ ಜಾರಿ ಹಿಡಿ ಅವನ ಕೈಗೆ ಬಂತು. ಅಷ್ಟು ಸುಲಭವಾಗಿ ಬಂತು. ಅವ್ವ ಅವತ್ತು ಹಿಡಿದದ್ದು ಇದನ್ನೇ ಅಲ್ಲವೇ? ಹಿಡಿಯನ್ನು ಬಕೆಟ್ಟಿನ ಹಿಂದೆ ಸರಿಸಿ, ಗುರುತಿಗೆ ಟೇಪ್ ಅಂಟಿಸಿ ಡ್ರಿಲ್ ಎತ್ತಿಕೊಂಡ.

ಬಲಗೈಯಲ್ಲಿ ಡ್ರಿಲ್, ಎಡಗೈಯಲ್ಲಿ ಚೊಂಬು. ಓರೆಯಾಗಿ ಹಿಡಿದ, ಕಚ್ಚಿತು. ನೆಟ್ಟಗೆ ಮಾಡಿದ. ಅಮುಕಬಾರದು, ಅಮುಕಬಾರದು ಎಂದು ಬಾಯಿ ಹೇಳುತ್ತಿತ್ತು. ಕೈ ಕೇಳಬೇಕಲ್ಲ! ಚೊಂಬಿನ ನೀರು ಮುಗಿದು ಬಗ್ಗಿ ತುಂಬಿಕೊಳ್ಳುವಷ್ಟರಲ್ಲಿ ಬಲಗೈ ತನ್ನ ಪಾಡಿಗೆ ತಾನು ಒತ್ತಿಬಿಟ್ಟಿತ್ತು. ಬಿಟ್ಟಿನ ತುದಿ ಕೆಂಪಗಾಗಿ ಹೊಗೆ ಬಂತು. ಟಣ್ ಎಂದಿತು. ತೂತಿನಿಂದ ಟೈಲಿನ ಮೂಲೆಯವರೆಗೆ ಕೂದಲೆಳೆಯಂಥ ಬಿರುಕು ಓಡಿತು. ಬಿಟ್ಟಿನ ಹಲ್ಲೆಲ್ಲ ಉದುರಿಹೋಗಿತ್ತು. ಉಳಿದದ್ದು ಒಂದೇ ಬಿಟ್.

"ಅರಗಿನ ವಾಸ್ನೆ" ಎಂದಿತು ಹಿಂದಿನಿಂದ ಒಂದು ದನಿ.

ರಾಧಾಮಣಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕುಂಕುಮದ ಪೊಟ್ಟಣ. ಹೋದ ತಕ್ಷಣ ಬಸ್ ಸಿಕ್ಕಿ, ಗುಡಿಯಲ್ಲೂ ಜನವಿಲ್ಲದೆ, ಅವಳು ಬೇಗ ಬಂದುಬಿಟ್ಟಿದ್ದಳು. "ಹಬ್ಬದ ದಿನಾನೂ ಇಲ್ಲಿ ಇದೇ ವಾಸ್ನೆ ಬಂದಿತ್ತು. ನಿಮ್ ಬಟ್ಟೇದು ಅನ್ಕಂಡಿದ್ದೆ."

ಬಂದು ಬಕೆಟ್ಟಿನ ಹಿಂದಿನಿಂದ ಹಿಡಿ ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಬಿಲ್ಲೆಯಿಂದ ಒಂದು ಸ್ಕ್ರೂ ಅವಳ ಅಂಗೈಗೆ ಉದುರಿತು. ಬರೀ ತಲೆ. ಅದನ್ನು ಬಿರಿದ ಬೆರಳಲ್ಲಿ ಹೊರಳಿಸಿದಳು, ಗೋಡೆಯಲ್ಲಿದ್ದ ಉಗುರಿನ ದಪ್ಪದ ಗುಳಿಗಳನ್ನು ನೋಡಿದಳು.

"ಇದು ಅತ್ತೆ ಕೈಗೆ ಕಿತ್ತು ಬಂತಾ?"

ಸುಳ್ಳು ಹೇಳಲು ಅವನಲ್ಲಿ ಏನೂ ಉಳಿದಿರಲಿಲ್ಲ. "ಹೂಂ" ಎಂದ.

"ಮತ್ತೆ ನಾನು ಬಂದಾಗ ಗೋಡೆ ಮೇಲಿತ್ತು?"

"ನಾನೇ ಅಂಟ್ಸಿದೆ."

ಕೂಗಾಡುತ್ತಾಳೆ, ಹಿಡಿಯನ್ನು ಮುಖಕ್ಕೆ ಎಸೆಯುತ್ತಾಳೆ ಎಂದುಕೊಂಡ. ಎಸೆದಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಅವಳು ಸ್ಟೂಲಿನ ಮೇಲೆ ಕೂತಳು. "ಉಜ್ಜಿದ್ದೆ ನಾನು. ಅವತ್ತು ಚೆನ್ನಾಗಿ ಉಜ್ಜಿದ್ದೆ" ಎಂದಳು. "ಎಲ್ರೂ ಅಂದೂ ಅಂದೂ, ನಂಗೇ ಅನುಮಾನ ಬಂದ್ಬುಟ್ಟಿತ್ತು. ಉಜ್ಜಿದ್ನೋ ಇಲ್ವೋ, ಉಜ್ಜಿದ್ನೋ ಇಲ್ವೋ ಅಂತ. ಈಗ ಹೋಗಿ ಆಂಜನೇಯನ ಮುಂದೆ ತಪ್ಪಾಯ್ತು ಅಂತ ಕೆನ್ನೆ ಕೆನ್ನೆ ಬಡ್ಕಂಡು ಬಂದೆ. ಯಾವ ತಪ್ಪಿಗೆ?"

"ತಪ್ಪಾಯ್ತು ರಾಧೆ."

"ನಂಗೊಬ್ಳಿಗೆ ಬಚ್ಚಲಲ್ಲಿ ಹೇಳಿದ್ರೆ ಏನ್ ಬಂತು? ನಂಗೆ ಅಂದಿದ್ದು ಎಲ್ರ ಮುಂದೆ." ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು, ಅವನ ಕೈಯಿಂದ ಚೊಂಬು ಕಿತ್ತುಕೊಂಡಳು. "ಎತ್ಕಳಿ ಮಿಷಿನ್ನ. ಅತ್ತೆ ಬರೋ ಹೊತ್ತಾಯ್ತು."

ಅವನು ಕೊರೆದ. ಅವಳು ಬಿಟ್ಟಿನ ತುದಿಗೆ ಎಳೆಯಾಗಿ ನೀರು ಬಿಟ್ಟಳು. "ಅಮುಕ್ಬ್ಯಾಡಿ" ಎಂದು ಮತ್ತೆ ಮತ್ತೆ ಹೇಳಿದಳು; ಅವನ ಮೊಣಕೈ ಬಿಗಿಯುವುದು ಅವನಿಗಿಂತ ಮೊದಲು ಅವಳಿಗೆ ಕಾಣುತ್ತಿತ್ತು. ತೂತಿನಿಂದ ಹಿಟ್ಟಿನ ಗಂಜಿಯಂಥ ಬಿಳಿ ಕೆಸರು ಇಳಿಯಿತು. ಬಹಳ ಹೊತ್ತಾದ ಮೇಲೆ ಬಿಟ್ ಫಟ್ಟನೆ ಒಳಹೊಕ್ಕಿತು, ಕೆಂಪು ಇಟ್ಟಿಗೆಯ ನೀರು ಬಂತು. ಬಿರುಕು ಬಿಟ್ಟ ಟೈಲನ್ನು ಬಿಟ್ಟು ಪಕ್ಕದ ಟೈಲಿನಲ್ಲಿ ನಾಲ್ಕು ತೂತು ಮುಗಿಸಿ, ಪ್ಲಗ್ ಬಡಿದು, ಬೆರಳುದ್ದದ ಸ್ಕ್ರೂ ಬಿಗಿದು ಸ್ಟೀಲ್ ಕಂಬಿ ಕೂರಿಸಿದರು. ಅನಂತರಾಜು ಎರಡು ಕಾಲೂ ನೆಲದಿಂದೆತ್ತಿ ಕಂಬಿಗೆ ಜೋತುಬಿದ್ದ. ಅಲುಗಲಿಲ್ಲ. ಅವಳು ಕುದಿಯುವ ನೀರು ತಂದು ಕಂಬಿಯ ಮೇಲೆ ಸುರಿದು, "ಈಗ ಇನ್ನೊಂದು ಸಲ ಜೋತುಬೀಳಿ" ಎಂದಳು. ಅಂಗೈ ಸುಡುತ್ತಿದ್ದರೂ ಜೋತುಬಿದ್ದ.

ಕಾರು ಬಂತು. ಕೆಂಚಮ್ಮ ವಾಕರ್ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತ ಮೊದಲು ಬಚ್ಚಲಿಗೇ ಹೋಗಬೇಕೆಂದಳು. ಹಿಂದೆಯೇ ಗಂಗಲಕ್ಷ್ಮಮ್ಮ. ಬಾಗಿಲಲ್ಲಿ ನಿಂತು ಒದ್ದೆ ನೆಲ ನೋಡಿದ್ದೇ ತಡ, ಶುರುಮಾಡಿದಳು. "ನೋಡ್ದ? ನೋಡ್ದ? ಇನ್ನೂ ಬುದ್ಧಿ ಬಂದಿಲ್ಲ ಇವ್ಳಿಗೆ. ಇನ್ನೊಂದು ಸಲ ನಮ್ಮವ್ವನ ಕೆಡವಕ್ಕೇ ನೀರು ಹುಯ್ದವ್ಳೆ!"

ರಾಧಾಮಣಿ ಗಂಡನ ಮುಖ ನೋಡಿದಳು. ಅನಂತರಾಜು ಕಂಬಿಯ ಕಡೆ ತಿರುಗಿದ. ಅಷ್ಟರಲ್ಲಿ ಕೆಂಚಮ್ಮನೇ ಅವಸರದಿಂದ "ಹೋಗ್ಲಿ ಬುಡವ್ವ ಗಂಗೂ. ಎಣ್ಣೆ ಮೇಲೆ ಕಾಲಿಟ್ಟೆ, ಜಾರ್ತು. ಆಗಿದ್ದಾಯ್ತು" ಎಂದಳು. ಹೇಳುತ್ತ ಮಗನ ಕಡೆ ಒಂದು ಸಲ ನೋಡಿದಳು. ಸುಮ್ಮನಿರು ಎನ್ನುವ ನೋಟ. ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗ ಅಪ್ಪನ ಏಟಿನಿಂದ ಉಳಿಸುವಾಗಲೂ ಹೀಗೇ ನೋಡುತ್ತಿದ್ದಳು. ಆಗ ಅವನಿಗೆ ಗೊತ್ತಾಯಿತು, ಅವ್ವನ ಕಣ್ಣು ಅವತ್ತು ಮುಚ್ಚಿರಲಿಲ್ಲ.

"ಎಣ್ಣೆ ಅಲ್ಲ ಅಕ್ಕ" ಎಂದ. "ಎಣ್ಣೆ ಇರ್ಲಿಲ್ಲ. ರಾಧೆ ಉಜ್ಜಿದ್ಲು. ನಾನು ಹಿಡೀನ ತೂತು ಕೊರೀದೆ ಅರಗಲ್ಲಿ ಅಂಟ್ಸಿದ್ದೆ. ಬಿಸಿನೀರಿಗೆ ಕರಗಿ ಅವ್ವನ ಕೈಗೆ ಕಿತ್ತು ಬಂತು. ನಾನೇ ಕೆಡವಿದ್ದು."

ಗಂಗಲಕ್ಷ್ಮಮ್ಮ ತಾಯಿಯ ಕಡೆ ತಿರುಗಿದಳು. "ನಿಂಗೊತ್ತಿತ್ತೇನವ್ವ?"

"ನನ್ ಕೈಲೇ ಇತ್ತಲ್ಲ, ಗೊತ್ತಿರಾಕಿಲ್ವಾ?" ಎಂದಳು ಕೆಂಚಮ್ಮ. ಕಣ್ಣಲ್ಲಿ ನೀರು ತುಂಬಿತ್ತು. "ನೋಡ್ತಾನೇ ಇದ್ದೆ ಕಣ್ಲಾ ಅನಂತ. ನನ್ನ ಎತ್ತೋಕೆ ಮುಂಚೆ ಅದ್ನ ಎತ್ಕಂಡೆ."

ಆ ಮಾತಿಗೆ ಅನಂತರಾಜು ಬಚ್ಚಲ ಹೊಸಿಲ ಪಕ್ಕ ಕೂತುಬಿಟ್ಟ. ಬಿದ್ದದ್ದಕ್ಕಿಂತ, ಮುರಿದದ್ದಕ್ಕಿಂತ, ಮುದುಕಿಗೆ ನಾಟಿದ್ದು ಅದೊಂದೇ.

"ಮತ್ತೆ ಎಣ್ಣೆ ಅಂತ ಯಾಕೆ ಅಂದೆ? ಇವ್ಳನ್ನ ನಾನು ಬಾಯಿಗೆ ಬಂದಂಗೆ ಅಂದ್ನಲ್ಲ!" ಎಂದಳು ಗಂಗಲಕ್ಷ್ಮಮ್ಮ.

"ಹೆತ್ತೋಳು ಮಗನ ಮೇಲೆ ಹೇಳಾಕಾಯ್ತದಾ? ಅವ್ನು ತಡ್ಕಳಾಕಿಲ್ಲ. ಇವ್ಳಾದ್ರೆ ತಡ್ಕತಾಳೆ ಅಂತ..." ಮುದುಕಿ ವಾಕರಿನಿಂದ ಒಂದು ಕೈ ಬಿಟ್ಟು ಸೊಸೆಯ ಕಡೆ ಚಾಚಿದಳು. "ಬಾರವ್ವ ರಾಧೆ. ಒಸಿ ಕೈ ಕೊಡು, ಒಳೀಕೆ ಹೋಗ್ಬೇಕು."

ಹದಿನೆಂಟು ವರ್ಷದಲ್ಲಿ ಅತ್ತೆ ಚಾಚಿದ ಕೈಯನ್ನು ರಾಧಾಮಣಿ ಹಿಡಿಯದೆ ಇದ್ದದ್ದಿಲ್ಲ. ಈಗ ಅವಳ ಕೈ ಸೆರಗಿನೊಳಗೇ ಇತ್ತು.

"ಕಂಬಿ ಹಿಡ್ಕಳಿ ಅತ್ತೆ. ಗಟ್ಟಿಯಾಗೈತೆ. ಅದಕ್ಕೆ ನೀರು ಹುಯ್ದೋಳು ನಾನೇ" ಎಂದಳು.

ಕೆಂಚಮ್ಮ ಕಂಬಿ ಹಿಡಿದು ಒಳಗೆ ಹೋದಳು. ರಾಧಾಮಣಿ ಅಡುಗೆಮನೆಗೆ ಹೋಗಿ ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ತೊಳೆಯತೊಡಗಿದಳು. ಬೆರಳು ಉರಿದು ಸ್ ಸ್ ಎನ್ನುವುದು ಹೊಸಿಲ ಪಕ್ಕ ಕೂತಿದ್ದ ಅನಂತರಾಜುಗೆ ಕೇಳಿಸುತ್ತಿತ್ತು.